ಕಣದ ಚೆಂಡಿಗೆ ಐದನೆಯವನು

ಗಾಳಿಬೀಡು
21 ನವೆಂಬರ್ 1954

ದೇರಪ್ಪಣ್ಣಂಗೆ,

ನಾನು ಯಮುನ, ಪೊನ್ನಪ್ಪನ ತಂಗಿ. ನೆನಪಿಲ್ಲ ಅಂದ್ರೂ ಪರವಾಗಿಲ್ಲ, ನಂಗೆ ನಿಮ್ಮ ನೆನಪು ಇಬ್ಬರಿಗಾಗುವಷ್ಟು ಉಂಟು. ನಾಪೋಕ್ಲಿನ ಕಾಫಿ ಕಣದಲ್ಲಿ ನೀವು ಮೂರು ಜನರ ಮಧ್ಯೆ ಚೆಂಡನ್ನ ಅಂಗಾಲಲ್ಲಿ ಹಿಂದಕ್ಕೆ ಎಳೆದು, ಹಿಮ್ಮಡಿಯಲ್ಲಿ ಗೋಲೊಳಗೆ ತಳ್ಳಿದಿರಲ್ಲ, ಅವತ್ತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದವಳು ನಾನೇ. ಅವ್ವ ಕರಿಮೆಣಸಿನ ಕಷಾಯ ಕುಡಿಸಿ, "ಗೋಲು ಹಾಕಿದ್ದು ಅವ, ಗಂಟಲು ಹೋದ್ದು ನಿಂದು" ಅಂತ ಬೈದ್ಳು.

ನೀವು ತಿತಿಮತಿಗೆ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಆಗಿ ಹೋದ ಮೇಲೆ ನಮ್ಮ ಟೀಮಿನ ಕಥೆ ಕೇಳ್ಬೇಡಿ. ಎರಡು ವರ್ಷವೂ ಮೊದಲ ಮ್ಯಾಚಲ್ಲೇ ಸೋತು, ಬೆಳಗ್ಗೆ ಹೋದ ಬಸ್ಸಲ್ಲೇ ಮಧ್ಯಾಹ್ನ ವಾಪಸ್. ಕಂಡಕ್ಟರ್ ಕೂಡ ನಗ್ತಾನೆ.

ಈ ಸಲ ಮಡಿಕೇರಿಯಲ್ಲಿ ದೊಡ್ಡ ಟೂರ್ನಮೆಂಟು. ಏಪ್ರಿಲ್ 24, ಭಾನುವಾರ. ಕಾಫಿ ಗೋಡೌನಿನ ಸಿಮೆಂಟ್ ಕಣ. ಅಷ್ಟು ಹೊತ್ತಿಗೆ ಕಾಫಿ ಒಣಗಿಸೋದು ಮುಗಿದು ಖಾಲಿ ಇರುತ್ತೆ. ಟೀಮಿಗೆ ಐದು ಜನ. ಚೆಂಡು ನಮ್ಮದೇ ತರದ್ದು, ಬಟ್ಟೆ ತುಂಬಿ ಹೊಲಿದದ್ದು, ಪುಟಿಯಲ್ಲ. ಹೊಸ ರೂಲು ಒಂದುಂಟು: ಚೆಂಡು ಮಂಡಿಗಿಂತ ಮೇಲೆ ಹೋದ್ರೆ ಫೌಲು. ಗೋಡೌನಿನ ಕಿಟಕಿ ಒಡೆಯುತ್ತಂತೆ.

ನೀವು ಬಂದು ನಮ್ಮ ಕಡೆ ಆಡ್ಬೇಕು. ಬರ್ತೀರಲ್ಲ? ಬರ್ತೀರಿ ಅಂತ ಎಲ್ಲರಿಗೂ ಹೇಳಿ ಆಯ್ತು. ಕೇಳುವ ಮೊದಲೇ ಹೇಳಿದ್ದು ತಪ್ಪು, ಗೊತ್ತು. ಹೇಳದೆ ಇದ್ದಿದ್ರೆ ಒಬ್ಬನೂ ಟೀಮಿಗೆ ಸೇರ್ತಿರ್ಲಿಲ್ಲ.

ಬೇಗ ಬರೀರಿ. ತುಂಬ ಬೇಗ.

ಯಮುನ

*

ತಿತಿಮತಿ
29 ನವೆಂಬರ್ 1954

ಪ್ರೀತಿಯ ತಂಗಿ ಯಮುನ,

ಕಾಗದ ಸಿಕ್ಕಿತು. ನೆನಪಿಲ್ಲದೆ ಏನು? ನಾಪೋಕ್ಲಲ್ಲಿ ರೆಫ್ರಿಗೆ ಕಡಲೆಕಾಯಿ ಸಿಪ್ಪೆ ಎಸೆದ ಹುಡುಗಿ ನೀನೇ ಅಲ್ವಾ?

ಈಗ ಇಲ್ಲಿ ಕಾಫಿ ಪಿಕಿಂಗ್ ಶುರುವಾಗ್ತಾ ಉಂಟು. ಬೆಳಗ್ಗೆ ಲೈನ್ ಮನೆಯ ಕೂಲಿಯವರ ಹಾಜರಿ, ಸಂಜೆ ತೂಕ, ಮಧ್ಯೆ ಮ್ಯಾನೇಜರ್ ಬೈಗುಳ. ಬರುವ ವಿಷಯ ಪಿಕಿಂಗ್ ಮುಗಿದ ಮೇಲೆ ನೋಡುವ.

ಟೀಮಲ್ಲಿ ಯಾರ್ಯಾರು? ಪೊನ್ನಪ್ಪ ಇನ್ನೂ ಬಲಗಾಲಲ್ಲೇ ಒದೀತಾನಾ? ಕೂಸಪ್ಪ ಗೋಲಲ್ಲಿ ನಿಂತು ಆಕಳಿಸೋದು ಬಿಟ್ಟನಾ? ಅವರು ಚೆಂಡು ಹೇಗೆ ನಿಲ್ಲಿಸ್ತಾರೆ, ಹೇಗೆ ಕೊಡ್ತಾರೆ, ನೋಡಿ ಸರಿಯಾಗಿ ಬರಿ. ಹೊರಗೆ ಕೂತು ನೋಡಿದ್ರೆ ಆಟ ಬೇರೆ ತರಹ ಕಾಣುತ್ತೆ.

ನಿನ್ನ ಅಣ್ಣ,
ದೇರಪ್ಪ

*

ಗಾಳಿಬೀಡು
5 ಡಿಸೆಂಬರ್ 1954

ದೇರಪ್ಪಣ್ಣ,

ನೋಡುವ ಅಂದ್ರೆ ಬರ್ತೇನೆ ಅಂತ ತಾನೇ! ಅವ್ವನೂ ನೋಡುವ ಅಂತಾಳೆ, ಆಮೇಲೆ ಮಾಡಿಯೇ ಮಾಡ್ತಾಳೆ. ನಾನು ಹಾಗೇ ತಿಳ್ಕೊಂಡೆ.

ಟೀಮಲ್ಲಿ ನಾಲ್ಕು ಜನ. ಪೊನ್ನಪ್ಪಣ್ಣ ಕ್ಯಾಪ್ಟನ್, ಎಡಗಾಲು ಇರೋದು ಪಂಚೆ ಕಟ್ಟೋದಕ್ಕೆ ಮಾತ್ರ. ಕೂಸಪ್ಪಣ್ಣ ಗೋಲ್‌ಕೀಪರು, ಈಗ ಕೂತ್ಕೊಂಡೇ ಆಕಳಿಸ್ತಾನೆ. ಮೇಲಿನ ಮನೆ ಅವಳಿಗಳು ಇಬ್ಬರು, ಅವರು ಅವರಿಬ್ಬರಿಗೆ ಬಿಟ್ರೆ ಬೇರೆ ಯಾರಿಗೂ ಚೆಂಡು ಕೊಡಲ್ಲ. ಕೇಳಿದ್ರೆ, "ನಮಗೆ ಅಭ್ಯಾಸ ಇಲ್ಲ" ಅಂತಾರೆ. ಐದನೆಯವರು ನೀವು.

ಎಲ್ಲರೂ ದೊಡ್ಡ ಮೈದಾನದಲ್ಲಿ ಇದ್ದ ಹಾಗೆ ಜಾಡಿಸಿ ಒದೀತಾರೆ. ಚೆಂಡು ಗೋಡೆಗೆ ಬಡಿದು ಸತ್ತು ಬೀಳುತ್ತೆ. ನಾನು "ಮೆಲ್ಲಗೆ, ಕಾಲ ಹತ್ರ ಇಟ್ಕೊಳ್ಳಿ" ಅಂದೆ. ಪೊನ್ನಪ್ಪಣ್ಣ, "ಹೊಲಿಗೆ ಕ್ಲಾಸಿಗೆ ಹೋಗು ಮಾರಾಯ್ತಿ, ಇಲ್ಲಿ ಎಂತ ಕೆಲಸ ನಿಂಗೆ?" ಅಂದ. ಅದಕ್ಕೆ ನಿಮ್ಮ ಕಾಗದ ತಂದು ಎಲ್ಲರ ಮುಂದೆ ಜೋರಾಗಿ ಓದಿದೆ. ಕಾಗದಕ್ಕಿಂತ ಓದಿದ್ದು ಸ್ವಲ್ಪ ಉದ್ದ ಆಯ್ತು. ಎಲ್ಲರೂ ಬಾಯಿ ಮುಚ್ಕೊಂಡು ಕೇಳಿದ್ರು.

ಕಾಲಿಗೆ ಏನು ಅಭ್ಯಾಸ ಮಾಡಿಸ್ಬೇಕು, ಹೇಳಿ.

ಯಮುನ

*

ತಿತಿಮತಿ
14 ಡಿಸೆಂಬರ್ 1954

ಯಮುನ,

ಸಿಮೆಂಟಿನ ಮೇಲೆ ಆಟ ಅಂದ್ರೆ ಅಂಗಾಲಿನ ಆಟ. ಬೆರಳ ತುದಿಯಲ್ಲಿ ಒದ್ದವನ ಚೆಂಡು ಗೋಡೆ ಪಾಲು. ಅಂಗಾಲಲ್ಲಿ ತುಳಿದು, ಎಳೆದು, ಹೊರಳಿಸಿದವನ ಚೆಂಡು ಅವನ ಹತ್ರವೇ ಇರುತ್ತೆ.

ಇದು ನಂಗೆ ಈಗ ತಾನೆ ಚೆನ್ನಾಗಿ ಅರ್ಥ ಆದದ್ದು. ಇಲ್ಲಿ ಕಣದಲ್ಲಿ ಹರಡಿದ ಕಾಫಿಯನ್ನ ಲೈನಿನ ಹುಡುಗರು ಬರಿಗಾಲಲ್ಲಿ ಎಳೀತಾರೆ. ಅಂಗಾಲನ್ನ ನೆಲದಿಂದ ಎತ್ತದೆ ಈ ಕಡೆಯಿಂದ ಆ ಕಡೆಗೆ ಸಾಲು ಬಿಡ್ತಾ ಹೋಗೋದು, ಕೆಳಗಿನ ಕಾಫಿ ಮೇಲೆ ಬಂದು ಒಣಗಲಿ ಅಂತ. ಸಂಜೆ ನಾನು ಚೀಲದ ಮೇಲೆ ಕೂತು ಅದನ್ನೇ ನೋಡ್ತಾ ಇರ್ತೇನೆ. ಮಾರ ಅಂತ ಒಬ್ಬ ಇದ್ದಾನೆ. ಅವನ ಕಾಲ ಕೆಳಗೆ ಒಂದು ಚೆಂಡು ಉರುಳಿಸಿದೆ. ಕಾಫಿ ಎಳೆದ ಹಾಗೇ ಎಳ್ಕೊಂಡು ಹೊರಟೇಬಿಟ್ಟ. ನಂಗೆ ಅದು ಬರಲಿಕ್ಕೆ ಆರು ವರ್ಷ ಬೇಕಾಯ್ತು!

ನಿಮ್ಮವರಿಗೂ ಅದೇ ಮಾಡಿಸು. ಒಂದು ವಾರ ಬರಿಗಾಲಲ್ಲಿ ಕಣದ ಕಾಫಿ ಎಳೀಲಿ. ಆಮೇಲೆ ಚೆಂಡು ಕೊಡು.

ದೇರಪ್ಪ

*

ಗಾಳಿಬೀಡು
2 ಜನವರಿ 1955

ದೇರಪ್ಪಣ್ಣ,

ನಿಮ್ಮ ಮಾತು ಕೇಳಿ ನಾವು ಹಾಳಾಗಿ ಹೋದೆವು.

ಬೋಜಪ್ಪ ಮಾವನ ಕಣ ಗೊತ್ತಲ್ಲ, ಕಾಫಿ ಇಲ್ಲದಾಗ ನಾವು ಆಡೋದು ಅಲ್ಲೇ. ಮಾವ ಮಡಿಕೇರಿಗೆ ಹೋಗಿದ್ರು. ನಾಲ್ಕೂ ಜನ ಪಂಚೆ ಎತ್ತಿ ಕಟ್ಟಿ ಕಣಕ್ಕೆ ಇಳಿದ್ರು. ನಾನು ಕಟ್ಟೆ ಮೇಲೆ ನಿಂತು "ಅಂಗಾಲು ಎತ್ಬೇಡಿ, ಎಳೀರಿ, ಎಳೀರಿ" ಅಂತ ಕೂಗ್ತಾ ಇದ್ದೆ. ಚೆನ್ನಾಗೇ ಎಳೆದ್ರು. ಕೂಸಪ್ಪಣ್ಣನ ತೂಕ ನಿಮಗೆ ಗೊತ್ತುಂಟು. ಕಾಲ ಕೆಳಗೆ ಚರ್ ಚರ್ ಅಂತ ಸದ್ದು ಬಂತು. ಆಹಾ, ಕೇಳಲಿಕ್ಕೆ ಚೆಂದ ಅಂದ್ಕೊಂಡೆ.

ಅದು ಪಾರ್ಚ್‌ಮೆಂಟು! ತೊಳೆದು ಸಿಪ್ಪೆ ತೆಗೆದು ನಿನ್ನೆ ತಾನೆ ಹರಡಿದ್ದು, ಇನ್ನೂ ಹಸಿ. ಕೂಸಪ್ಪಣ್ಣ ಹೋದ ಸಾಲೆಲ್ಲ ಹೊಟ್ಟು ಬೇರೆ, ಬೀಜ ಬೇರೆ. ಮಾವ ಬಂದು ನೋಡಿ ಮೆಟ್ಟು ಕೈಗೆ ತಗೊಂಡ್ರು. ಅವಳಿಗಳು ಬೇಲಿ ಹಾರಿದ್ರು. ಕೂಸಪ್ಪಣ್ಣ ಹಾರಲಿಕ್ಕಾಗದೆ ಬೇಲಿ ಮೇಲೇ ಕೂತು, "ಮಾವ, ತಿತಿಮತಿಯಿಂದ ಆರ್ಡರ್ ಬಂದದ್ದು" ಅಂದ.

ಈಗ ಶಿಕ್ಷೆ: ಸೀಸನ್ ಮುಗಿಯೋವರೆಗೆ ನಾಲ್ಕು ಜನವೂ ಮಾವನ ಕಣದಲ್ಲಿ ದಿನಾ ಕಾಫಿ ಕೆದಕಬೇಕು. ಮರದ ಹಲಗೆಯಲ್ಲಿ. ಕಾಲಲ್ಲಲ್ಲ.

ನೀವು ಏಪ್ರಿಲಲ್ಲಿ ಬಂದಾಗ ಮಾವನ ಕಣ್ಣಿಗೆ ಬೀಳ್ಬೇಡಿ.

ಯಮುನ

*

ತಿತಿಮತಿ
10 ಜನವರಿ 1955

ಅಯ್ಯೋ ಯಮುನ,

ತಪ್ಪು ನಂದೇ. ಇಲ್ಲಿ ನಮ್ಮದು ಹಣ್ಣು ಹಣ್ಣಾಗೇ ಒಣಗಿಸೋ ಚೆರಿ ಕಾಫಿ. ಅದರ ಮೇಲೆ ಆನೆ ನಡೆದ್ರೂ ಏನಾಗಲ್ಲ. ಹೋದ ವಾರ ಒಂದು ನಡೆದೂ ಹೋಯ್ತು. ಗಾಳಿಬೀಡಲ್ಲಿ ಹುಟ್ಟಿ ಬೆಳೆದ ನಾನು ಅಲ್ಲಿಯ ಪಾರ್ಚ್‌ಮೆಂಟು ಮರೆತೆ ಅಂದ್ರೆ ನನ್ನ ತಲೆಗೆ ಏನು ಹೇಳೋದು! ಕಾಗದ ಓದಿ ಬಿದ್ದು ಬಿದ್ದು ನಕ್ಕೆ. ಮಾರನಿಗೂ ಓದಿ ಹೇಳಿದೆ. "ರೈಟ್ರೇ, ನಿಮ್ಮೂರಲ್ಲಿ ಯಾವ ಕಾಫಿ ಅಂತ ಆನೆಗೂ ಗೊತ್ತಿರುತ್ತೆ" ಅಂದ.

ಬೋಜಪ್ಪ ಮಾವನಿಗೆ ನನ್ನ ನಮಸ್ಕಾರ ಹೇಳು. ದೂರ ನಿಂತು ಹೇಳು.

ಖಾಲಿ ನೆಲದ ಮೇಲೆ ಚೆಂಡು ತುಳಿದೇ ಅಭ್ಯಾಸ ಮಾಡಿಸು. ಪೊನ್ನಪ್ಪನ ಬಲಗಾಲಿಗೆ ಒಂದು ಬಟ್ಟೆ ಸುತ್ತು, ಎಡಗಾಲು ತಾನಾಗಿ ಎಚ್ಚರ ಆಗುತ್ತೆ. ಅವಳಿಗಳನ್ನ ಎದುರು ಬದುರು ಟೀಮಿಗೆ ಹಾಕು. ಎರಡು ದಿನ ಜಗಳ ಆಡ್ತಾರೆ, ಮೂರನೇ ದಿನ ಬೇರೆಯವರು ಕಣ್ಣಿಗೆ ಕಾಣ್ತಾರೆ.

ಮತ್ತೆ, ಒಂದು ಮಾತು. ಐದನೆಯವನಾಗಿ ಇನ್ನೊಬ್ಬನನ್ನ ತಯಾರು ಮಾಡಿಟ್ಕೋ. ಯಾವ ಟೀಮಿಗಾದ್ರೂ ಅದು ಒಳ್ಳೇದು.

ದೇರಪ್ಪ

*

ಗಾಳಿಬೀಡು
20 ಜನವರಿ 1955

ದೇರಪ್ಪಣ್ಣ,

ಬಟ್ಟೆ ಸುತ್ತಿದ್ದು ಕೆಲಸ ಮಾಡ್ತು! ಪೊನ್ನಪ್ಪಣ್ಣ ಎಡಗಾಲಲ್ಲಿ ಗೋಲು ಹಾಕಿ ತಾನೇ ಹೆದರಿ ಹಿಂದೆ ತಿರುಗಿ ನೋಡಿದ, ಯಾರು ಹಾಕಿದ್ದು ಅಂತ.

ಇನ್ನೊಬ್ಬನನ್ನ ಎಂತಕ್ಕೆ? ನೀವಿರುವಾಗ? ನಿಮ್ಮ ಜಾಗದಲ್ಲಿ ಒಂದು ಗೋಣಿಚೀಲ ತುಂಬಿ ನಿಲ್ಲಿಸಿದ್ದೇವೆ. ಅದಕ್ಕೇ ದೇರಪ್ಪಣ್ಣ ಅಂತ ಹೆಸರು. "ದೇರಪ್ಪಣ್ಣನಿಗೆ ಕೊಡು, ದೇರಪ್ಪಣ್ಣನಿಂದ ತಗೋ" ಅಂತ ಆಡ್ತಾರೆ. ಬೇರೆ ಯಾರನ್ನೂ ಆ ಜಾಗಕ್ಕೆ ಬಿಡಲ್ಲ ಅಂತ ನಾನೇ ಹೇಳಿದ್ದೇನೆ.

ಮಾರ ಅಂದ್ರೆ ಯಾರು? ನಿಮ್ಮ ಜತೆ ಆಡ್ತಾನಾ? ಒಳ್ಳೇದಾಯ್ತು, ನಿಮಗೂ ಅಭ್ಯಾಸ ತಪ್ಪಲ್ಲ.

ಯಮುನ

*

ಗಾಳಿಬೀಡು
20 ಜನವರಿ 1955, ಸಂಜೆ

ಇನ್ನೊಂದು ಕಾರ್ಡು. ಮೊದಲನೇದನ್ನ ಪೋಸ್ಟಿಗೆ ಹಾಕಿ ಬಂದ ಮೇಲೆ ನೆನಪಾಯ್ತು. ನಿಮ್ಮ ಅಂಗಿ ಅಳತೆ ಕಳಿಸಿ. ಹೊಲಿಗೆ ಕ್ಲಾಸಲ್ಲಿ ಐದು ಹಸಿರು ಅಂಗಿ ಹೊಲೀತಾ ಇದ್ದೇನೆ. ಟೀಚರ್ ನಂಗೆ ಕುಟುಂಬದ ಮೇಲೆ ತುಂಬ ಪ್ರೀತಿ ಅಂದ್ಕೊಂಡಿದ್ದಾರೆ.

ಯ.

*

ಗಾಳಿಬೀಡು
16 ಫೆಬ್ರವರಿ 1955

ದೇರಪ್ಪಣ್ಣ,

ಉತ್ತರ ಇಲ್ಲ. ಗೋಣಿಚೀಲಕ್ಕೆ ನಿಮ್ಮ ಹೆಸರಿಟ್ಟದ್ದಕ್ಕೆ ಬೇಜಾರಾ? ಚೀಲ ಬದಲಾಯಿಸಿ ಹೊಸದು ಇಟ್ಟಿದ್ದೇವೆ.

ಅಳತೆ?

ಯಮುನ

*

ಗಾಳಿಬೀಡು
20 ಮಾರ್ಚ್ 1955

ದೇರಪ್ಪಣ್ಣ,

ಹೂಮಳೆ ಬಂತು. ಕಾಫಿ ಹೂ ಬಿಟ್ಟು ಊರೆಲ್ಲ ಬಿಳಿ, ಪರಿಮಳಕ್ಕೆ ಕೂಸಪ್ಪಣ್ಣನಿಗೆ ಇನ್ನೂ ಜಾಸ್ತಿ ನಿದ್ದೆ. ಮಾವನ ಕಣ ಖಾಲಿಯಾಯ್ತು, ಶಿಕ್ಷೆಯೂ ಮುಗೀತು. ದಿನಾ ಸಂಜೆ ಆಟ. ಅಳತೆ ಬರದೆ ಇದ್ದದ್ದಕ್ಕೆ ನಿಮ್ಮ ಅಂಗಿ ಅಂದಾಜಲ್ಲಿ ಹೊಲಿದೆ, ದೊಡ್ಡದೇ ಇರಲಿ ಅಂತ.

ಒಂದೇ ಒಂದು ಸಾಲು ಬರೀರಿ. ಬರ್ತೀರಾ, ಇಲ್ವಾ? ಹುಡುಗರು ಕೇಳಿದಾಗೆಲ್ಲ "ಬರ್ತಾರೆ" ಅಂತೇನೆ. ಈಗ ಹೇಳುವಾಗ ನನ್ನ ಧ್ವನಿ ನಂಗೇ ಸಣ್ಣ ಕೇಳುತ್ತೆ.

ಯಮುನ

*

ತಿತಿಮತಿ
18 ಏಪ್ರಿಲ್ 1955

ಯಮುನ,

ಕಾಗದ ಬರೆಯಲಿಕ್ಕೆ ತಡವಾಯ್ತು. ಮನ್ನಿಸು. 24ಕ್ಕೆ ಮಡಿಕೇರಿಗೆ ಬಂದೇ ಬರ್ತೇನೆ. ಅಲ್ಲಿ ಎಲ್ಲ ಮಾತಾಡುವ.

ದೇರಪ್ಪ

*

ಮಡಿಕೇರಿ, ಬಸ್ ಸ್ಟ್ಯಾಂಡ್
24 ಏಪ್ರಿಲ್ 1955

ದೇರಪ್ಪನವರಿಗೆ,

ನಿಮ್ಮ ಹತ್ರ ಮಾತಾಡದೆ ಬಂದೆ. ಅದಕ್ಕೇ ಬರೀತಾ ಇದ್ದೇನೆ.

ನಿಮ್ಮ ಬಸ್ಸಿಗೆ ಕಾದು ಕಾದು, ಹಸಿರು ಅಂಗಿ ಹಿಡ್ಕೊಂಡು ನಿಂತಿದ್ದೆ. ಮೊದಲು ಇಳಿದದ್ದು ಕೋಲು. ಆಮೇಲೆ ನೀವು. ಆಮೇಲೆ ನಿಮ್ಮ ಹಿಂದೆ ನೀಲಿ ಅಂಗಿಯ ಐದು ಜನ. ಬೋರ್ಡಲ್ಲಿ ತಿತಿಮತಿ ಎಸ್ಟೇಟ್ ಅಂತ ಬರೆದಿದ್ರು. ಮೊದಲ ಮ್ಯಾಚೇ ನಮಗೂ ನಿಮಗೂ. ನನ್ನ ಕೈಯಲ್ಲಿ ಅಂಗಿ ನೋಡಿ ನೀವು ತಲೆ ತಗ್ಗಿಸಿದ್ರಿ. ಪೊನ್ನಪ್ಪಣ್ಣ ನನ್ನ ಮುಖ ನೋಡಿದ. ಬೈದಿದ್ರೆ ಒಳ್ಳೇದಿತ್ತು.

ನಾಲ್ಕೇ ಜನ ಇಳಿದೆವು. ಅರ್ಧ ಆಟಕ್ಕೆ ಎರಡು ಸೊನ್ನೆ, ಎರಡೂ ಮಾರ ಹಾಕಿದ್ದು. ಎಷ್ಟು ಚೆಂದ ಹಾಕಿದ ಅಂತ ನಂಗೆ ಗೊತ್ತಾಗಿ ಇನ್ನೂ ಸಿಟ್ಟು ಬಂತು. ಆಮೇಲೆ ನೀವು ಎಂತ ಮಾಡಿದ್ರಿ? ಮಾರನನ್ನ ಕರೆದು ಪಕ್ಕದಲ್ಲಿ ಕೂರಿಸ್ಕೊಂಡ್ರಿ. ನಿಮ್ಮ ಕಡೆಯೂ ನಾಲ್ಕೇ ಜನ ಆಯ್ತು. ನೋಡುವವರೆಲ್ಲ ಚಪ್ಪಾಳೆ ತಟ್ಟಿದ್ರು. ನಾನು ತಟ್ಟಲಿಲ್ಲ.

ಮೂರು ಎರಡರಲ್ಲಿ ಗೆದ್ದೆವು. ಗೆದ್ದದ್ದು ನಾವಾ, ನೀವು ಕೊಟ್ಟದ್ದಾ? ಎರಡನೇ ಮ್ಯಾಚಲ್ಲಿ ನಾಪೋಕ್ಲಿನವರ ಕೈಲಿ ಸೋತೆವು, ಅದೊಂದು ಸೋಲು ಮಾತ್ರ ಪೂರ್ತಿ ನಮ್ಮದು.

ಕಾಲಿಗೆ ಏನಾಯ್ತು ಅಂತ ಕೇಳಬೇಕು ಅನಿಸ್ತಾ ಉಂಟು. ಕೇಳಲ್ಲ.

ಯಮುನ

*

ತಿತಿಮತಿ
30 ಏಪ್ರಿಲ್ 1955

ಯಮುನ,

ಕೇಳದೆ ಇದ್ದದ್ದಕ್ಕೂ ಉತ್ತರ ಹೇಳ್ತೇನೆ. ಹೋದ ಜೂನಲ್ಲಿ ಮಳೆಗೆ ಗೊಬ್ಬರದ ಲಾರಿಯಿಂದ ಇಳಿಯುವಾಗ ಜಾರಿ ಮಂಡಿ ತಿರುಚಿತು. ಮೈಸೂರಿನ ಡಾಕ್ಟರು, "ನಡೀಬಹುದು, ಆಡೋದು ಮರೆತುಬಿಡಿ" ಅಂದ್ರು. ನಿನ್ನ ಮೊದಲ ಕಾಗದ ಬರುವಾಗ ನಾನು ಆ ಮಾತನ್ನ ಯಾರಿಗೂ ಹೇಳಿರ್ಲಿಲ್ಲ. ನೀನು ನಾಪೋಕ್ಲಿನ ಗೋಲಿನ ಬಗ್ಗೆ ಬರೆದದ್ದು ಓದಿ, ಒಂದು ಊರಲ್ಲಾದ್ರೂ ನಾನು ಇನ್ನೂ ಆಡ್ತಾ ಇರ್ಲಿ ಅನಿಸ್ತು. ಅದರ ಬೆಲೆ ನಿಮ್ಮ ನಾಲ್ಕು ಜನ ತೆತ್ತರು.

ಎಷ್ಟು ಸಲ ಬರೆದು ಹರಿದೆ ಗೊತ್ತಾ? "ಇನ್ನೊಬ್ಬನನ್ನ ತಯಾರು ಮಾಡು" ಅಂತ ಬರೆದು, ಹೇಳಿದ ಹಾಗೇ ಆಯ್ತು ಅಂದ್ಕೊಂಡೆ. ಸಂಜೆ ಮಾರನ ಕಾಲಿಗೆ ಚೆಂಡು ಕೊಟ್ಟದ್ದೇ ಬೆಳೆದು ಒಂದು ಟೀಮಾಯ್ತು, ಅದನ್ನೂ ನಿಂಗೆ ಬರೀಲಿಲ್ಲ. ಹೇಡಿತನ.

ಮಾರನನ್ನ ಕೂರಿಸಿದ್ದು ಕರುಣೆಗಲ್ಲ. ಅಲ್ಲಿ ಖಾಲಿ ಇದ್ದದ್ದು ನನ್ನ ಜಾಗ. ನಾನು ಮಾಡಿದ ಖಾಲಿಯಲ್ಲಿ ನನ್ನ ಹುಡುಗರೇ ಗೋಲು ಹಾಕೋದು ನೋಡಲಿಕ್ಕೆ ಆಗ್ಲಿಲ್ಲ. ಆದ್ರೆ ಅದು ಮಾರನಿಗೆ ಮಾಡಿದ ಅನ್ಯಾಯ. ನನ್ನೊಳಗಿನ ಆಟಗಾರನಿಗೆ ಅದು ಗೊತ್ತಾಗ್ಲಿಲ್ಲ, ಕೋಚಿಗೆ ಗೊತ್ತಾಗಬೇಕಿತ್ತು. ವಾಪಸ್ ಬರುವಾಗ ಬಸ್ಸಲ್ಲಿ, ತಿತಿಮತಿ ಹತ್ರ, ಮಾರ ಅಂದ: "ರೈಟ್ರೇ, ಮುಂದಿನ ಸಲ ನಿಮಗೆ ಯಾರನ್ನಾದ್ರೂ ಕೂರಿಸ್ಬೇಕು ಅನಿಸಿದ್ರೆ ನೀವೇ ಕೂತ್ಕೊಳ್ಳಿ. ಬಸ್ಸಲ್ಲೇ." ಆಮೇಲೆ ಅವನೇ ಮೊದಲು ನಕ್ಕ. ಮರುದಿನ ಸಂಜೆ ಐದೂ ಜನ ಕಣಕ್ಕೆ ಬಂದಿದ್ರು. ಅವರಿಗೆ ನಾನು ಬೇಕು ಅಂತ ಅವತ್ತು ಗೊತ್ತಾಯ್ತು. ಮಂಡಿ ನೋವು ಅವತ್ತು ಒಂದು ಚೂರು ಕಮ್ಮಿ ಇತ್ತು, ನಿಜ.

ಈಗ ನಿನ್ನ ಪ್ರಶ್ನೆ. ಗೆದ್ದದ್ದು ಯಾರು? ನೀವೇ. ಎರಡೂ ಕಡೆ ನಾಲ್ಕು ನಾಲ್ಕು ಜನ ಆದ ಮೇಲೂ ನಾವು ಎರಡು ಗೋಲು ಮುಂದೆ ಇದ್ದೆವು. ನಮ್ಮನ್ನ ಹೊಡೆದದ್ದು ಕೂಸಪ್ಪ. ಗೋಲು ಬಿಟ್ಟು ಅರ್ಧ ಕಣ ದಾಟಿ ಮುಂದೆ ಬಂದು ನಿಂತನಲ್ಲ, ನಮ್ಮವರಿಗೆ ಯಾರು ಯಾರನ್ನ ಹಿಡೀಬೇಕು ಅಂತಲೇ ತಿಳೀಲಿಲ್ಲ. ಗೋಲ್‌ಕೀಪರು ಗೋಲು ಬಿಟ್ಟು ಬರೋದನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ. ಮ್ಯಾಚ್ ಮುಗಿದ ಮೇಲೆ ಪೊನ್ನಪ್ಪನ ಹತ್ರ ಕೇಳಿದೆ. "ನೀವೇ ಬರೆದದ್ದಲ್ವಾ ದೇರಪ್ಪಣ್ಣ, ಜನವರಿ ಕಾಗದದಲ್ಲಿ? ಯಮುನ ಓದಿದ್ಳು" ಅಂದ.

ನಾನು ಬರೆದಿಲ್ಲ. ಅವನಿಗೂ ಹಾಗೇ ಹೇಳಿದೆ.

ಯಮುನ, ಅದನ್ನ ಹೇಗೆ ಕಲಿಸಿದಿ? ಗೋಲು ಖಾಲಿ ಬಿಟ್ಟು ಬಂದವನು ಯಾವಾಗ ವಾಪಸ್ ಓಡಬೇಕು? ಹಿಂದೆ ಯಾರು ನಿಲ್ಲಬೇಕು? ಬಿಡಿಸಿ ಬರಿ. ಮಾರ ದಿನಾ ಕೇಳ್ತಾನೆ.

ದೇರಪ್ಪ

*

ಗಾಳಿಬೀಡು
8 ಮೇ 1955

ದೇರಪ್ಪಣ್ಣ,

ನಿಮ್ಮ ಕಾಗದ ಬರುವ ಮೊದಲೇ ಪೊನ್ನಪ್ಪಣ್ಣ ಅಂಗಳದಲ್ಲಿ ನ್ಯಾಯ ಕರೆದಿದ್ದ. "ನಿಜ ಹೇಳು, ದೇರಪ್ಪಣ್ಣನ ಕಾಗದದಲ್ಲಿ ಎಷ್ಟು ದೇರಪ್ಪಣ್ಣ, ಎಷ್ಟು ನೀನು?" ನಾನು ಎಲ್ಲ ಕಾಗದ ತಂದು ಮುಂದಿಟ್ಟೆ. ಅವನೇ ಓದಿದ. ಓದಿ ಮುಗಿಸಿ, "ಇಷ್ಟೇನಾ?" ಅಂದ. ಕೂಸಪ್ಪಣ್ಣ ಬಿದ್ದು ಬಿದ್ದು ನಕ್ಕು, "ಹಾಗಾದ್ರೆ ಚಳಿಯಲ್ಲಿ ಬೆಳಗ್ಗೆ ತಣ್ಣೀರು ಸ್ನಾನ ಮಾಡ್ಬೇಕು ಅಂತ ಹೇಳಿದ್ದೂ ಇವಳೇ!" ಅಂದ. ಹೌದು, ಅದು ನಾನೇ. ನಿದ್ದೆ ಬಿಡಲಿ ಅಂತ.

ಕೂಸಪ್ಪಣ್ಣನ ವಿಷಯ ಹೇಳ್ತೇನೆ. ನಿಮ್ಮ ಚೀಲಕ್ಕೆ ಚೆಂಡು ಕೊಟ್ರೆ ಅದು ವಾಪಸ್ ಕೊಡ್ತಾ ಇರ್ಲಿಲ್ಲ. ಯಾರಾದ್ರೂ ಹೋಗಿ ಎತ್ಕೊಂಡು ಬರ್ಬೇಕಲ್ಲ. ಸುಮ್ಮನೆ ನಿಂತು ಆಕಳಿಸ್ತಾ ಇದ್ದದ್ದು ಅವನೊಬ್ಬನೇ, "ನೀನು ಹೋಗು" ಅಂದೆ. ಹೋದವ ಚೆಂಡು ಕೈಗೆ ಎತ್ಕೊಳ್ಳದೆ ಅವಳಿಗಳಲ್ಲಿ ಒಬ್ಬನಿಗೆ ತಳ್ಳಿದ. ಗೋಲಾಯ್ತು. ಅವನ ಮುಖ ನೋಡ್ಬೇಕಿತ್ತು! ಆಮೇಲೆ ನಾನು ಕಟ್ಟೆ ಮೇಲೆ ಕೂತು ದಿನಾ ನೋಡಿ ನೋಡಿ ಲೆಕ್ಕ ಹಿಡಿದೆ: ಚೆಂಡು ನಮ್ಮವರ ಅಂಗಾಲ ಕೆಳಗೆ ಇರೋವರೆಗೆ ಅವ ಮುಂದೆ. ಅಂಗಾಲು ಬಿಟ್ಟ ಕೂಡಲೇ ಓಟ. ಅವ ಓಡಲ್ಲ ಅಂತ ಗೊತ್ತಿರೋದಕ್ಕೆ ಪೊನ್ನಪ್ಪಣ್ಣ ಮೊದಲೇ ಹಿಂದೆ ಬಂದಿರ್ತಾನೆ. ಅಷ್ಟೇ. ಮಾರನಿಗೆ ಹೇಳಿ. ಮುಂದಿನ ಸಲ ಅವನನ್ನ ಕೂರಿಸಿದ್ರೆ ನಾವು ಕಣಕ್ಕೆ ಇಳಿಯೋದೇ ಇಲ್ಲ ಅಂತಲೂ ಹೇಳಿ.

ನಿಮ್ಮ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ. ಅಂಗಿ ಮಾತ್ರ ಕಳಿಸ್ತಾ ಇದ್ದೇನೆ. ನೀಲಿ ಟೀಮಿನ ಕೋಚ್ ಹಸಿರು ಅಂಗಿ ಹಾಕ್ಕೊಂಡು ಕೂತ್ರೆ ನಂಗೆ ನೋಡಲಿಕ್ಕೆ ಖುಷಿ.

ಈಗ ಟೀಮಲ್ಲಿ ಐದು ಜನ ಇದ್ದಾರೆ. ಬೋಜಪ್ಪ ಮಾವನ ತಮ್ಮನ ಮಗ ಬಂದ, ಎರಡೂ ಕಾಲು ಒಂದೇ ತರ ನಡೀತಾವೆ. ಆರನೆಯವನೂ ಬಂದ. ಎಲ್ಲರೂ ಈಗ ನನ್ನ ಹತ್ರವೇ ಕೇಳೋದು, ಕಾಗದ ಬೇಡ ಅಂತಾರೆ. ಅದಕ್ಕೇ ನಿನ್ನೆ ಒಂದು ಕೆಲಸ ಮಾಡ್ದೆ. ಪೊನ್ನಪ್ಪಣ್ಣ ಯಾರಿಗೂ ಚೆಂಡು ಕೊಡದೆ ಎಡಗಾಲಿನ ಶೋಕಿ ತೋರಿಸ್ತಾ ಇದ್ದ. "ನೀನು ಹೊರಗೆ ಬಾ" ಅಂದೆ. ಕ್ಯಾಪ್ಟನ್‌ಗೇ! ಬಂದು ಕೂತ ದೇರಪ್ಪಣ್ಣ. ನಿಜವಾಗಿ ಬಂದು ಕೂತ. ಆಟ ಸರಿಹೋಯ್ತು.

ಆದ್ರೆ ನಿನ್ನೆಯಿಂದ ನನ್ನ ಹತ್ರ ಮಾತಿಲ್ಲ. ಸಾರು ಬಡಿಸಿದ್ರೆ ಅವ್ವನ ಕಡೆ ತಿರುಗಿ, "ಸಾಕು ಅಂತ ಕೋಚಿಗೆ ಹೇಳು" ಅಂತಾನೆ. ಮಾರನನ್ನ ಕೂರಿಸಿದ ಮೇಲೆ ನೀವು ಮೊದಲ ಮಾತು ಎಂತ ಆಡಿದ್ರಿ? ಬೇಗ ಬರೀರಿ. ನಿಮಗೆ ಪರವಾಗಿಲ್ಲ, ಮಾರ ಲೈನಿಗೆ ಹೋಗ್ತಾನೆ, ನೀವು ಕ್ವಾರ್ಟರ್ಸಿಗೆ. ನಾವು ಒಂದೇ ಮನೇಲಿ ಇರೋದು.

ಯಮುನ